ಏಳು ಮನೆ ಬೀದಿಯ ಆರು ಗಂಡಸರು

ನಂಜನಗೂಡಿನ ಏಳು ಮನೆ ಬೀದಿಗೆ ಆ ಹೆಸರು ಬಂದದ್ದು ಅಲ್ಲಿ ಏಳು ಮನೆಗಳಿರುವುದರಿಂದ. ಇದರಲ್ಲಿ ಬೇರೆ ಯಾವ ಐತಿಹ್ಯವೂ ಇಲ್ಲ. ಆದರೆ ಬೀದಿಯ ಕೊನೆಯ ಮನೆಯ ಚಕ್ರಪಾಣಿ ಮೇಷ್ಟ್ರು ಮಾತ್ರ ವಿಳಾಸ ಬರೆಯುವಾಗ 'ಸಪ್ತಗೃಹ ವೀಥಿ' ಎಂದೇ ಬರೆಯುತ್ತಿದ್ದರು. ಹಾಗಾಗಿ ಅವರಿಗೆ ಬರಬೇಕಾದ ಕಾಗದಗಳಲ್ಲಿ ಅರ್ಧ ಊರೆಲ್ಲ ಸುತ್ತಿ ಬರುತ್ತಿದ್ದವು, ಇನ್ನರ್ಧ ಬರುತ್ತಲೇ ಇರಲಿಲ್ಲ.

ಮೇಷ್ಟ್ರು ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಯಾರಿಗೂ ಕೇಡು ಬಯಸಿದವರಲ್ಲ. ಅವರಿಗಿದ್ದದ್ದು ಒಂದೇ ಒಂದು ಹೆಮ್ಮೆ: ತಮ್ಮಂತೆ ಅರ್ಜಿ ಬರೆಯುವವರು ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ ಎಂಬುದು. ನಲ್ಲಿಯಲ್ಲಿ ಎರಡು ದಿನ ನೀರು ಬರದಿದ್ದರೆ 'ಜಲಾಭಾವದಿಂದ ಕಂಗೆಟ್ಟ' ಎಂದು ಶುರುಮಾಡಿ ಎರಡು ಪುಟ ತುಂಬಿಸುತ್ತಿದ್ದರು. ಓದಿದ ಅಧಿಕಾರಿಗೆ ಏನು ಕಷ್ಟ ಎಂದು ತಿಳಿಯುತ್ತಿರಲಿಲ್ಲ. ಯಾರಿಗೋ ಬಹಳ ದೊಡ್ಡ ಕಷ್ಟ ಬಂದಿದೆ ಎಂಬುದು ಮಾತ್ರ ತಿಳಿಯುತ್ತಿತ್ತು.

ಅವರ ಹೆಂಡತಿ ಭಾಗೀರಥಮ್ಮನವರಿಗೆ ಅರ್ಜಿಗಳಲ್ಲಿ ನಂಬಿಕೆ ಇರಲಿಲ್ಲ. ಬೆಕ್ಕುಗಳಲ್ಲಿ ಇತ್ತು. ಮನೆಯ ಹಿಂದೆ ಮುಚ್ಚಿಹೋದ ಒಂದು ಅಕ್ಕಿ ಗಿರಣಿ ಇದೆ. ಅಲ್ಲಿ ಆರು ಗಂಡು, ಐದು ಹೆಣ್ಣು, ಒಟ್ಟು ಹನ್ನೊಂದು ಬೆಕ್ಕುಗಳು ಸಂಸಾರ ಹೂಡಿದ್ದವು. ಸಂಜೆ ಐದೂವರೆಗೆ ಆಕೆ ಹಿತ್ತಲಲ್ಲಿ ನಿಂತು ತಟ್ಟೆಗೆ ಸೌಟು ಬಡಿದು "ಬನ್ರಪ್ಪಾ" ಎಂದರೆ ಸಾಕು, ಹನ್ನೊಂದೂ ಗೋಡೆ ಇಳಿದು ಬರುತ್ತಿದ್ದವು. ಮೊಸರನ್ನ, ಜೊತೆಗೆ ಪೊಟ್ಟಣದಲ್ಲಿ ಸಿಗುವ ಬೆಕ್ಕಿನ ಒಣ ತಿಂಡಿ. ಉಳಿದ ಪೌಷ್ಟಿಕಾಂಶವನ್ನು ಅವು ಮೀನಂಗಡಿಯ ಕಡೆ ತಾವೇ ಹೊಂದಿಸಿಕೊಳ್ಳುತ್ತಿದ್ದವು. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಆ ವರ್ಷ ಮೂರು ಹೆಣ್ಣುಗಳು ಒಂದೇ ವಾರದಲ್ಲಿ ಮರಿ ಹಾಕಿದವು. ಬೀದಿಯ ಮೊದಲ ಮನೆಯ ದಿನಸಿ ಅಂಗಡಿ ಸಿದ್ದಮಲ್ಲಪ್ಪನವರ ಅಟ್ಟದಲ್ಲಿ ನಾಲ್ಕು, ಬ್ಯಾಂಕಿನಿಂದ ನಿವೃತ್ತರಾದ ಮುರಳೀಧರ ರಾಯರ ಹಳೆಯ ಸೋಫಾದೊಳಗೆ ಐದು, ಸಿದ್ದಮಲ್ಲಪ್ಪನವರ ಹೆಂಡತಿ ಗುರುಬಸಮ್ಮನವರ ರೇಷ್ಮೆ ಸೀರೆಯ ಮೇಲೆ ಮೂರು. ಗಂಡುಗಳೋ, ಸಂಜೆಯಾದರೆ ಗಿರಣಿಯ ತಗಡಿನ ಸೂರಿನ ಮೇಲೆ ಕುಸ್ತಿ. ಭಾನುವಾರ ಅಂಗಡಿಯ ಮುಂದೆ ಬೀದಿಯ ಗಂಡಸರೆಲ್ಲ ಸೇರಿದರು.

"ಮೇಷ್ಟ್ರೇ, ಬೇಜಾರು ಮಾಡ್ಕಬ್ಯಾಡಿ," ಎಂದರು ಸಿದ್ದಮಲ್ಲಪ್ಪ. ಕಪ್ಪಗೆ, ದಪ್ಪಗೆ, ಅಂಗಡಿ ಬಾಗಿಲು ತುಂಬುವ ಆಳು. "ಇನ್ನು ಎರಡು ವಾರ. ಆಚೆ ಭಾನುವಾರಕ್ಕೆ ಟೆಂಪೋ ಹೇಳಿವ್ನಿ. ಎಲ್ಲಾವ್ನೂ ಮೂಟೆಗೆ ತುಂಬ್ಕೊಂಡು ಬನ್ನೂರು ಕಡೆ ಕಬ್ಬಿನ ಗದ್ದೇಲಿ ಬುಟ್ಟು ಬರದು. ಅಲ್ಲಿ ಇಲಿ ಬೇಕಾದಷ್ಟವೆ."

ಗೇಟಿನ ಹತ್ತಿರ ನಿಂತು ಕೇಳುತ್ತಿದ್ದ ಭಾಗೀರಥಮ್ಮ ಒಳಗೆ ಹೋದರು. ಅಡುಗೆಮನೆಯಿಂದ ಪಾತ್ರೆಯ ಸದ್ದು ಬರಬೇಕಾದ ಹೊತ್ತಿನಲ್ಲಿ ಬರಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಈ ಮೌನ ಎಂಥದೆಂದು ಮೇಷ್ಟ್ರಿಗೆ ಗೊತ್ತಿತ್ತು. ಅವರು ಶಲ್ಯ ಸರಿಮಾಡಿಕೊಂಡು ನಿಂತರು.

"ಎರಡು ವಾರ ಧಾರಾಳವಾಯಿತು. ಅಷ್ಟರೊಳಗೆ ನಾನು ಸಮಸ್ಯೆಯ ಮೂಲಕ್ಕೇ ಕೈ ಹಾಕುತ್ತೇನೆ."

"ಏನ್ ಮಾಡ್ತೀರಿ?"

ಏನು ಮಾಡಬೇಕೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಅವರು ಹೆಚ್ಚು ಗಂಭೀರರಾಗುತ್ತಿದ್ದರು. "ಮೇಲ್ಮಟ್ಟದಲ್ಲಿ ಕ್ರಮ ಕೈಗೊಳ್ಳಲಾಗುವುದು," ಎಂದು ಹೇಳಿ ಮನೆಗೆ ನಡೆದರು.

ದಾರಿ ತೋರಿಸಿದವಳು ಸುಚೇತಾ. ಭಾಗೀರಥಮ್ಮನವರ ತಮ್ಮನ ಮಗಳು, ಟಿ. ನರಸೀಪುರದಲ್ಲಿ ಪಶುವೈದ್ಯೆ. ಫೋನಿನಲ್ಲಿ ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ, "ಮಾವ, ಗದ್ದೆಗೆ ಬಿಟ್ರೆ ಪಾಪ ಅವು ದಿಕ್ಕು ತಪ್ಪಿ ಸಾಯ್ತವೆ. ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರ್ತವೆ, ಮತ್ತೆ ಮರಿ, ಮತ್ತೆ ಜಗಳ. ಅದರ ಬದಲು ಆಪರೇಷನ್ ಮಾಡಿ ಅದೇ ಬೀದಿಗೆ ವಾಪಸ್ ಬಿಡೋಣ. ಕೂಗಾಟ, ಹೊಡೆದಾಟ ಕಮ್ಮಿಯಾಗುತ್ತೆ. ಸಂತಾನ ನಿಲ್ಲುತ್ತೆ. ಮೊದಲು ಗಂಡುಗಳನ್ನ ತನ್ನಿ, ಅವನ್ನ ಮಾರನೇ ದಿನಾನೇ ಬಿಡಬಹುದು. ಮತ್ತು ಬರೋ ಇಂಜೆಕ್ಷನ್ ಕೊಟ್ಟಾಗಲೇ ಎಡಗಿವಿ ತುದಿ ಒಂಚೂರು ಕತ್ತರಿಸ್ತೀವಿ. ಆಪರೇಷನ್ ಆಗಿದೆ ಅಂತ ಗುರುತಿಗೆ. ರಿಜಿಸ್ಟರಿಗೆ ಒಂದು ಅರ್ಜಿ ಬೇಕಾಗುತ್ತೆ," ಎಂದಳು.

ಅರ್ಜಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. "ಎರಡು ಸಾಲು ಸಾಕು ಮಾವ," ಎಂಬ ಅವಳ ಮುಂದಿನ ಮಾತು ಅವರಿಗೆ ಕೇಳಿಸಲೇ ಇಲ್ಲ.

ಬರೆಯಲು ಮೂರು ದಿನ ಹಿಡಿಯಿತು. 'ಬೆಕ್ಕು' ಎಂಬ ಪದ ವಾಕ್ಯದ ಗಾಂಭೀರ್ಯಕ್ಕೆ ಒಗ್ಗಲಿಲ್ಲ. 'ಮಾರ್ಜಾಲ' ಎಂದರೆ ಬೈದ ಹಾಗಿದೆ ಎಂದು ಭಾಗೀರಥಮ್ಮ ಒಪ್ಪಲಿಲ್ಲ. ಕೊನೆಗೆ ಎರಡನ್ನೂ ಬಿಟ್ಟು 'ನಮ್ಮ ಬೀದಿಯ ನಿವಾಸಿಗಳು' ಎಂದು ಬರೆದರು. ಹೆಸರಿಲ್ಲದ ಅರ್ಜಿಗೆ ಸರ್ಕಾರದಲ್ಲಿ ಬೆಲೆಯಿಲ್ಲವೆಂದು ಆರು ಗಂಡುಗಳಿಗೂ ಬಣ್ಣ, ಲಕ್ಷಣ ನೋಡಿ ಹೆಸರಿಟ್ಟರು. ಕೊನೆಗೆ ವಿಳಾಸ. "ಪಶು ಅಂದರೆ ಪಾಶದಲ್ಲಿ ಕಟ್ಟಿಹಾಕಿದ್ದು. ನಮ್ಮವನ್ನು ಯಾರೂ ಕಟ್ಟಿಲ್ಲ. ಆದ್ದರಿಂದ ಪಶುವೈದ್ಯ ಅನ್ನುವುದು ಅಶುದ್ಧ," ಎಂದು ತೀರ್ಮಾನಿಸಿ ಲಕೋಟೆಯ ಮೇಲೆ 'ಮಾನ್ಯ ವೈದ್ಯಾಧಿಕಾರಿಗಳು, ಟಿ. ನರಸೀಪುರ' ಎಂದಷ್ಟೇ ಬರೆದರು.

"ಸುಚಿಗೆ ಒಂದು ಫೋನ್ ಮಾಡಿ ಹೇಳಬಾರದಾ?" ಎಂದರು ಭಾಗೀರಥಮ್ಮ.

"ಸರ್ಕಾರಿ ಕೆಲಸದಲ್ಲಿ ನೆಂಟಸ್ತನ ಬೆರೆಸಬಾರದು. ಇನ್ನು ಮುಂದೆ ಎಲ್ಲವೂ ಲಿಖಿತ."

ವ್ಯಾಕರಣಕ್ಕೆ ಬಲಿಯಾದ ಆ 'ಪಶು' ಶಬ್ದದಿಂದಾಗಿ ಅರ್ಜಿ ಸುಚೇತಾಳ ಕೈಗೆ ಹೋಗಲಿಲ್ಲ. ಮನುಷ್ಯರಿಗೆ ಮದ್ದು ಕೊಡುವ ಒಂದು ಆರೋಗ್ಯ ಕೇಂದ್ರಕ್ಕೆ ಹೋಯಿತು. ಯಾವ ಕೇಂದ್ರ ಎನ್ನುವುದು ಬೇಡ, ಅಲ್ಲಿಯವರೆಲ್ಲ ಸಜ್ಜನರು. ಅಲ್ಲಿ ಆಗ ಗಂಡಸರ ಕುಟುಂಬ ಯೋಜನೆ ಶಿಬಿರದ ಕಾಲ. ಡಾಕ್ಟರ್ ಹರಿಪ್ರಸಾದ್ ಆ ಕೇಂದ್ರಕ್ಕೆ ಬಂದು ಮೂರು ವರ್ಷವಾಗಿತ್ತು. ಮೂರು ವರ್ಷವೂ ಹೆಂಗಸರ ಪಟ್ಟಿ ತುಂಬಿತ್ತು, ಗಂಡಸರ ಪಟ್ಟಿಯಲ್ಲಿ ಸೊನ್ನೆ. ಆರೋಗ್ಯ ನಿರೀಕ್ಷಕ ನಂಜೇಶ ಹಳ್ಳಿಗೆ ಹೋಗಿ ವಿಷಯ ಎತ್ತಿದರೆ ಸಾಕು, ಅಲ್ಲಿದ್ದ ಗಂಡಸರಿಗೆಲ್ಲ ಹೊಲದ ಕೆಲಸ ನೆನಪಾಗುತ್ತಿತ್ತು. ಈಗ ಒಂದೇ ಬೀದಿಯ ಆರು ಮಂದಿ. ಡಾಕ್ಟರು ಅರ್ಜಿಯನ್ನು ಎರಡು ಸಲ ಓದಿದರು. ಮೂರನೇ ಸಲ ಓದುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಂಜನಗೂಡು ತಾಲ್ಲೂಕಿನೋರು ಸಾ. ನಮ್ ಲೆಕ್ಕಕ್ಕೆ ಬತ್ತಾರಾ?" ಎಂದ ನಂಜೇಶ.

"ಆಪರೇಷನ್ ಎಲ್ಲಾಗುತ್ತೋ ಲೆಕ್ಕ ಅಲ್ಲಿಗೆ. ಯಾರಿಗೂ ಬಾಯಿ ಬಿಡಬೇಡ. ಆ ಕಡೆಯೋರಿಗೆ ಗೊತ್ತಾದ್ರೆ ಆರನ್ನೂ ಕಿತ್ಕೋತಾರೆ. ಮೊದಲು ಫೋನ್ ಮಾಡು."

ಮೇಷ್ಟ್ರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಫೋನು ಬಂತು.

"ಸಾ, ನಾನು ನಂಜೇಶ ಅಂತ. ನರಸೀಪುರದಿಂದ, ಡಾಕ್ಟ್ರ ಆಫೀಸಿಂದ ಮಾತಾಡ್ತಾ ಇವ್ನಿ. ನಿಮ್ ಅರ್ಜಿ ಬಂತು. ಆರು ಜನಾನೂ ಒಪ್ಪವ್ರಾ ಸಾ?"

ಸುಚೇತಾ ಇಷ್ಟು ಚುರುಕಾಗಿ ಕೆಲಸ ಮಾಡಿಸುತ್ತಾಳೆಂದು ಮೇಷ್ಟ್ರಿಗೆ ಹೆಮ್ಮೆಯಾಯಿತು. "ಒಪ್ಪಿಗೆ ಯಾರು ಕೇಳ್ತಾರೆ? ಊಟದ ವಾಸನೆ ತೋರಿಸಿದ್ರೆ ಹತ್ತಿರ ಬರ್ತಾರೆ. ತಕ್ಷಣ ಮುಚ್ಚಿ ಹಿಡಿಯೋದು."

"ಬಲವಂತ ಮಾಡಂಗಿಲ್ಲ ಸಾ. ರೂಲ್ಸ್ ಅದೆ. ಆಮೇಲೆ, ಮದ್ವೆ ಆಗವ್ರಾ?"

"ಇವರಿಗೆ ಎಂಥ ಮದುವೆ ಸ್ವಾಮಿ? ಸಿಕ್ಕ ಸಿಕ್ಕ ಕಡೆ."

"ಮಕ್ಕಳು?"

"ಕರಿಯಪ್ಪ ಒಬ್ಬನದೇ ಹೋದ ವರ್ಷ ಹದಿನಾಲ್ಕು."

ನಂಜೇಶ ಬರೆದುಕೊಳ್ಳುವುದನ್ನು ನಿಲ್ಲಿಸಿದ. "ಒಂದೇ ವರ್ಸದಲ್ಲಾ ಸಾ?"

"ನಮ್ಮ ಕಣ್ಣಿಗೆ ಬಿದ್ದಷ್ಟು ಹೇಳಿದೆ. ಅದಿರಲಿ, ಆಪರೇಷನ್ ಆದಮೇಲೆ ಎಡಗಿವಿ ತುದಿ ಕತ್ತರಿಸೋದು ನೀವೇ ತಾನೇ? ನಾವೇನೂ ಮಾಡಬೇಕಾಗಿಲ್ಲವಲ್ಲ?"

"ಕಿವಿನಾ ಸಾ?"

"ಮತ್ತೆ? ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ ಅಂತ ಬೀದಿಯಲ್ಲಿ ದೂರದಿಂದಲೇ ಗೊತ್ತಾಗಬೇಡವೇ?"

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ ಎಂದು ಸಣ್ಣ ದನಿಯಲ್ಲಿ ಹೇಳಿ ನಂಜೇಶ ಫೋನಿಟ್ಟ. ತನ್ನ ಎಡಗಿವಿಯನ್ನು ಒಮ್ಮೆ ಮುಟ್ಟಿಕೊಂಡು ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ವರದಿ ಮಾಡಿದ. ಹರಿಪ್ರಸಾದ್ ಬಹಳ ಹೊತ್ತು ಯೋಚಿಸಿದರು. "ಯಾರೋ ದೊಡ್ಡ ಜಮೀನ್ದಾರ ಇರಬೇಕು. ಆರು ಜನ ಆಳುಗಳನ್ನ ಹೆದರಿಸಿಟ್ಟಿದ್ದಾನೆ. ಶಿಬಿರ ನಡೆಯಲಿ, ಹಾರ ತರಿಸು. ಆದರೆ ಅದಕ್ಕೆ ಮೊದಲು ಆ ಬೀದೀಲಿ ಗುಟ್ಟಾಗಿ ವಿಚಾರಿಸು," ಎಂದರು.

ನಂಜೇಶ ಗುಟ್ಟಾಗಿ ವಿಚಾರಿಸಲು ಹೇಳಿದ್ದು ಆ ವಾರ್ಡಿನ ಆಶಾ ಕಾರ್ಯಕರ್ತೆ ಕವನಳಿಗೆ. ಅವಳು ಗುಟ್ಟಾಗಿ ವಿಚಾರಿಸಲು ಆರಿಸಿಕೊಂಡದ್ದು ಸಿದ್ದಮಲ್ಲಪ್ಪನವರ ಅಂಗಡಿಯನ್ನು, ಅದೂ ಬುಧವಾರ ಸಂಜೆ ಆರು ಗಂಟೆಗೆ, ಬೀದಿಯ ಮುಕ್ಕಾಲು ಜನ ಸಾಮಾನಿಗೆ ನಿಂತಿದ್ದಾಗ.

"ಅಣ್ಣಾ, ಈ ಬೀದೀಲಿ ಆರು ಜನ ಗಂಡಸ್ರು ಆಪರೇಷನ್ ಮಾಡಿಸ್ಕೊತಾರಂತೆ. ಚಕ್ರಪಾಣಿ ಮೇಷ್ಟ್ರು ಬರೆದವ್ರೆ. ಎಲ್ರೂ ಮನಸ್ಸಿಟ್ಟು ಒಪ್ಪಿರೋದು ತಾನೆ?"

ಸಿದ್ದಮಲ್ಲಪ್ಪ ಅವಳ ಮೊಬೈಲಿಗೆ ನಂಜೇಶ ಕಳಿಸಿದ್ದ ಅರ್ಜಿಯ ಚಿತ್ರವನ್ನು ದೊಡ್ಡದು ಮಾಡಿ, ಅಂಗಡಿಯ ಎಲ್ಲರಿಗೂ ಕೇಳುವಂತೆ ಓದಿದರು.

"'ನಮ್ಮ ಬೀದಿಯ ನಿವಾಸಿಗಳಾದ ಆರು ಮಂದಿ ಗಂಡಸರು ಯಾವ ಅಂಕುಶವೂ ಇಲ್ಲದೆ, ಮನೆಯಿಂದ ಮನೆಗೆ ಅಲೆಯುತ್ತ, ಸಂತಾನವನ್ನು ಮಿತಿಮೀರಿ ವೃದ್ಧಿಸುತ್ತಿದ್ದಾರೆ. ಸಂಜೆಯಾಯಿತೆಂದರೆ ಪರಸ್ಪರ ಕಾದಾಡುತ್ತಾರೆ. ಕಂಡವರ ಗೋಡೆಯ ಮೇಲೆ ಮೂತ್ರ ವಿಸರ್ಜಿಸುತ್ತಾರೆ. ಸ್ವಭಾವತಃ ಇವರು ಕೆಟ್ಟವರಲ್ಲ. ಆದಕಾರಣ ಕೃಪೆಯಿಟ್ಟು ಇವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನೆರವೇರಿಸಿ, ಪುನಃ ನಮ್ಮ ಬೀದಿಗೇ ಬಿಡಬೇಕೆಂದು ಪ್ರಾರ್ಥನೆ.'"

ಅಂಗಡಿಯಲ್ಲಿದ್ದವರೆಲ್ಲ ಬೆರಳು ಮಡಿಸಿ ಲೆಕ್ಕ ಹಾಕಿದರು. ಬೀದಿಯಲ್ಲಿ ಏಳು ಮನೆ. ಮನೆಗೊಬ್ಬ ಯಜಮಾನ. ಮೇಷ್ಟ್ರನ್ನು ಬಿಟ್ಟರೆ ಉಳಿಯುವುದು ಸರಿಯಾಗಿ ಆರು.

ಕೆಳಗೆ ಪಟ್ಟಿ ಇತ್ತು. 'ಕರಿಯಪ್ಪ. ಕೃಷ್ಣವರ್ಣ, ಸ್ಥೂಲಕಾಯ. ಸದಾ ಅಂಗಡಿಯ ಬಾಗಿಲಲ್ಲೇ ಬಿದ್ದಿರುತ್ತಾನೆ.' ಸಿದ್ದಮಲ್ಲಪ್ಪ ಓದುವುದನ್ನು ಅಲ್ಲಿಗೇ ನಿಲ್ಲಿಸಿದರು. ಮೊಬೈಲನ್ನು ಪಕ್ಕದಲ್ಲಿದ್ದ ಮುರಳೀಧರ ರಾಯರು ತೆಗೆದುಕೊಂಡರು. 'ಕೆಂಚಪ್ಪ. ಕೆಂಪು ಮೈ. ಮಹಾ ಸೋಮಾರಿ.' ಅವರು ಮುಂದೆ ಓದದೆ ಮದನನ ಕೈಗೆ ಕೊಟ್ಟರು. ಮದನ ಆಟೋಮೊಬೈಲ್ ಷೋರೂಮಿನಲ್ಲಿ ಕೆಲಸ ಮಾಡುವ ಮೂವತ್ತರ ಹುಡುಗ, ಎರಡು ಮಕ್ಕಳ ತಂದೆ. 'ಮರಿಯಪ್ಪ. ಎಳೆಪ್ರಾಯ. ಗೋಡೆ ಹಾರುವುದರಲ್ಲಿ ನಿಪುಣ.' ಅವನು ಮೊಬೈಲನ್ನು ಎಪ್ಪತ್ನಾಲ್ಕರ ಶಿವಮಲ್ಲಪ್ಪನವರಿಗೆ ದಾಟಿಸಿದ. 'ಬೂದಪ್ಪ. ವಯೋವೃದ್ಧ. ಒಂದು ಕಣ್ಣು ಮಂದ. ಆದರೂ ಚಪಲ ಬಿಟ್ಟಿಲ್ಲ.' ಉಳಿದ ಇಬ್ಬರು ತಮ್ಮದು ಓದಿಕೊಂಡು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬೆಕ್ಕಿನ ಸೇಡು ತೀರಿಸ್ಕೊತಾವ್ರೆ," ಎಂದರು ಸಿದ್ದಮಲ್ಲಪ್ಪ ಕೊನೆಗೆ. "ಸಮಸ್ಯೆಯ ಮೂಲಕ್ಕೇ ಕೈ ಹಾಕ್ತೀನಿ ಅಂದ್ರಲ್ಲ ಅವತ್ತು. ಮೂಲ ಅಂದ್ರೆ ಇದು ಅಂತ ನಂಗೆ ಹೊಳೀಲಿಲ್ಲ ನೋಡಿ."

ಅವತ್ತು ಆರು ಮನೆಗಳಲ್ಲೂ ಸಾರು ಸಪ್ಪೆಯಾಯಿತು. "ಮನೆಯಿಂದ ಮನೆಗೆ ಅಂದ್ರೆ ಯಾವ್ಯಾವ ಮನೆ?" ಎಂದು ಗುರುಬಸಮ್ಮ ಮೂರು ಸಲ ಕೇಳಿದರು. ಶಿವಮಲ್ಲಪ್ಪನವರ ಹೆಂಡತಿ ಪುಟ್ಟಬಸಮ್ಮ ಐವತ್ತು ವರ್ಷದ ದಾಂಪತ್ಯವನ್ನು ಒಂದೇ ಮಾತಿನಲ್ಲಿ ವಿಚಾರಣೆಗೆ ಎಳೆದರು: "ಓದಿದ್ ಮೇಷ್ಟ್ರು. ಕಾಣ್ದೆ ಬರೀತಾರಾ?" ಮದನನ ಹೆಂಡತಿ ಶಿವಾನಿ ಏನೂ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಗೋಡೆಯ ಎತ್ತರ ನೋಡಿ ಬಂದಳು.

ಗುರುವಾರ ಸಂಜೆ ಆರು ಜನವೂ ಮೇಷ್ಟ್ರ ಜಗಲಿಯ ಮುಂದೆ ನಿಂತರು. ಮೇಷ್ಟ್ರು ಆರು ಬಿದಿರು ಬುಟ್ಟಿಗಳಿಗೆ ಮುಚ್ಚಳ ಕಟ್ಟುತ್ತ ಕೂತಿದ್ದರು. ನಾಲ್ಕು ದಿನದಿಂದ ಭಾಗೀರಥಮ್ಮ ಆ ಬುಟ್ಟಿಗಳೊಳಗೇ ಊಟ ಇಟ್ಟು ಬೆಕ್ಕುಗಳಿಗೆ ರೂಢಿ ಮಾಡಿಸಿದ್ದರು. ಈಗ ಅವು ಖಾಲಿ ಇದ್ದವು.

"ಮೇಷ್ಟ್ರೇ, ಆ ಅರ್ಜಿ ನಿಮ್ದೇನಾ?"

"ಪ್ರತಿ ಅಕ್ಷರವೂ ನನ್ನದೇ."

"ವಾಪಸ್ ತಗಳಿ."

ಇವರಿಗೆ ಈಗಲೂ ಕಬ್ಬಿನ ಗದ್ದೆಯೇ ಬೇಕಾಗಿದೆ ಎಂದು ಮೇಷ್ಟ್ರಿಗೆ ಸಿಟ್ಟು ಬಂತು. "ಸಾಧ್ಯವೇ ಇಲ್ಲ. ನಾಳೆ ಬೆಳಿಗ್ಗೆ ಬುಟ್ಟಿಯಲ್ಲಿ ಹಾಕಿ ಆರೂ ಜನರನ್ನ ಕರ್ಕೊಂಡು ಹೋಗೋದೇ. ನೋವಾಗಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಆಮೇಲೆ ನೋಡಿ, ಬೀದಿ ಎಷ್ಟು ಶಾಂತವಾಗಿರುತ್ತೆ ಅಂತ."

ಆರು ಜನವೂ ಬುಟ್ಟಿಗಳ ಅಳತೆಯನ್ನು ಕಣ್ಣಲ್ಲೇ ನೋಡಿ ಹಿಂದಕ್ಕೆ ಸರಿದರು. ಮೇಷ್ಟ್ರಿಗೆ ತಲೆ ಕೆಟ್ಟಿದೆ, ನಾಳೆ ಅವರಿಗಿಂತ ಮುಂಚೆ ನಾವೇ ನರಸೀಪುರಕ್ಕೆ ಹೋಗಿ ಆ ಕಾಗದ ಹರಿದುಹಾಕಿಸಬೇಕು ಎಂದು ದಾರಿಯಲ್ಲೇ ತೀರ್ಮಾನವಾಯಿತು.

ಶುಕ್ರವಾರ ಒಂಬತ್ತೂಮುಕ್ಕಾಲಿಗೆ ಆರೋಗ್ಯ ಕೇಂದ್ರದ ಮುಂದೆ ಒಂದು ವ್ಯಾನು ನಿಂತಿತು. ಒಳಗಿಂದ ಒಬ್ಬೊಬ್ಬರೇ ಇಳಿದರು. ಗೇಟಿನಲ್ಲಿದ್ದ ನಂಜೇಶ ಎಣಿಸಿದ. ಸರಿಯಾಗಿ ಆರು. ಒಬ್ಬ ಕಪ್ಪಗೆ ದಪ್ಪಗೆ, ಒಬ್ಬ ಕೆಂಪಗೆ, ಒಬ್ಬ ಮುದುಕ, ಒಬ್ಬ ಎಳೆಪ್ರಾಯ. ಎಲ್ಲರ ಎಡಗಿವಿಯೂ ಇನ್ನೂ ಪೂರ್ತಿಯಾಗಿತ್ತು. ಅವನು ಕೈ ಬೀಸಿದ. ನರ್ಸುಗಳು ಆರತಿ ಎತ್ತಿದರು. 'ಧೀರ ಪುರುಷರಿಗೆ ಸುಸ್ವಾಗತ' ಎಂಬ ಬ್ಯಾನರಿನ ಕೆಳಗೆ ಆರು ಕೊರಳಿಗೂ ಹಾರ ಬಿತ್ತು. ಸಿದ್ದಮಲ್ಲಪ್ಪ ದೂರು ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ಡಾಕ್ಟರು ಸ್ವತಃ ಒಂದು ಪೇಡ ಇಟ್ಟರು.

ಪೇಡ ನುಂಗುವುದರೊಳಗೆ ಅವರು ವಾರ್ಡಿನಲ್ಲಿದ್ದರು. ನುಂಗಿದ ಮೇಲೆ ನೋಡಿದರೆ ಮೈಮೇಲೆ ಹಸಿರು ಗೌನು ಇತ್ತು.

"ಸ್ವಾಮಿ, ನಾನು ಕರಿಯಪ್ಪ ಅಲ್ಲ. ಸಿದ್ದಮಲ್ಲಪ್ಪ."

"ಗೊತ್ತು, ಗೊತ್ತು," ಎಂದರು ಹರಿಪ್ರಸಾದ್ ಬೆನ್ನು ತಟ್ಟಿ. "ಹೆಸರು ಗುಟ್ಟಾಗಿಡ್ತೀವಿ. ನಿಮ್ಮನ್ನ ಯಾರಾದ್ರೂ ಹೆದರಿಸಿದ್ರೆ ಧೈರ್ಯವಾಗಿ ಹೇಳಿ. ಹದಿನಾಲ್ಕರ ವಿಷಯ ನನಗೆ ತಿಳಿದಿದೆ. ಬೇಸರ ಬೇಡ."

"ಯಾವ ಹದಿನಾಲ್ಕು?" ಎಂದರು ಸಿದ್ದಮಲ್ಲಪ್ಪ. ಪಕ್ಕದ ಹಾಸಿಗೆಯ ಮುರಳೀಧರ ರಾಯರು ಅವರನ್ನು ಹೊಸ ಕಣ್ಣಿನಿಂದ ನೋಡಿದರು.

ಅತ್ತ ಸುತ್ತೂರು ದಾಟಿ ಬರುತ್ತಿದ್ದ ಲಗೇಜ್ ಆಟೋದಲ್ಲಿ ಮೇಷ್ಟ್ರು, ಭಾಗೀರಥಮ್ಮ ಮತ್ತು ಬಟ್ಟೆ ಹೊದಿಸಿದ ಆರು ಬುಟ್ಟಿಗಳು. ಬಟ್ಟೆ ಹೊದಿಸಿದರೆ ಬೆಕ್ಕುಗಳಿಗೆ ಗಾಬರಿ ಕಡಿಮೆ. 'ವೈದ್ಯಾಧಿಕಾರಿಗಳು' ಎಲ್ಲಿ ಎಂದು ಊರಲ್ಲಿ ಕೇಳಿಕೊಂಡು ಆರೋಗ್ಯ ಕೇಂದ್ರ ತಲುಪುವವರೆಗೂ ಭಾಗೀರಥಮ್ಮ ಒಂದೊಂದು ಬುಟ್ಟಿಯ ಮೇಲೂ ಕೈಯಿಟ್ಟುಕೊಂಡೇ ಇದ್ದರು. ಬ್ಯಾನರು ಕಂಡು ಮೇಷ್ಟ್ರು ನಿಂತು ಎರಡು ಸಲ ಓದಿದರು. ಬೀದಿಯ ಬೆಕ್ಕುಗಳಿಗೆ 'ಧೀರ ಪುರುಷರು' ಎಂದು ಬರೆಸುವಷ್ಟು ಸರ್ಕಾರ ಸುಧಾರಿಸಿದೆಯೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ನೇರವಾಗಿ ಒಳಗೆ ಹೋಗಿ ಕೈಮುಗಿದರು.

"ನಾನು ಚಕ್ರಪಾಣಿ. ಆರೂ ಜನ ಹೊರಗೆ ಬುಟ್ಟಿಯಲ್ಲಿದ್ದಾರೆ."

ಹರಿಪ್ರಸಾದ್ ಮೇಜಿನ ಅಂಚು ಹಿಡಿದುಕೊಂಡರು. "ಬುಟ್ಟಿಯಲ್ಲಿ?"

"ಗಾಳಿಯಾಡುವ ಹಾಗೆ ಕಟ್ಟಿದ್ದೇನೆ. ನಿನ್ನೆ ರಾತ್ರಿಯಿಂದ ಊಟ ಕೊಟ್ಟಿಲ್ಲ."

ಆ ದನಿ ಕೇಳಿ ವಾರ್ಡಿನಿಂದ ಆರು ಹಸಿರು ಗೌನುಗಳು, ಮೇಲೆ ಹಾರಗಳ ಸಮೇತ, ಹೊರಗೆ ನುಗ್ಗಿದವು. ಮೇಷ್ಟ್ರು ತಮ್ಮ ಬೀದಿಯವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವೆಲ್ಲ ಇಲ್ಲೇನು ಮಾಡ್ತಿದ್ದೀರಿ?"

"ನೀವೇ ಕಳ್ಸಿ ನೀವೇ ಕೇಳ್ತೀರಲ್ಲ ಮೇಷ್ಟ್ರೇ," ಎಂದರು ಶಿವಮಲ್ಲಪ್ಪ. ಅವರ ಕಣ್ಣಲ್ಲಿ ನೀರಿತ್ತು.

ಆಗ ಭಾಗೀರಥಮ್ಮ ಒಂದು ಬುಟ್ಟಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟು ಬಟ್ಟೆ ಸರಿಸಿದರು. "ಇವನು ಸ್ವಲ್ಪ ಗಾಬರಿಯಾಗಿದ್ದಾನೆ ಡಾಕ್ಟ್ರೇ. ಇವನದು ಮೊದಲು ಮಾಡಿಬಿಡಿ." ಮುಚ್ಚಳದ ಸಂದಿಯಿಂದ ದಪ್ಪನೆಯ ಕರಿ ಬೆಕ್ಕೊಂದು ಎಲ್ಲರನ್ನೂ ನೋಡಿ, ಎರಡು ತಾಲ್ಲೂಕಿಗೆ ಕೇಳುವಂತೆ ಕೂಗಿತು.

ನಂಜೇಶ ಅರ್ಜಿ ತೆಗೆದು ಮತ್ತೆ ಮೊದಲಿನಿಂದ ಓದಿದ. ಗೋಡೆಯ ಮೇಲೆ ಮೂತ್ರ ಎಂಬಲ್ಲಿಗೆ ಬಂದಾಗ ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡ.

"ಮೇಷ್ಟ್ರೇ," ಎಂದರು ಸಿದ್ದಮಲ್ಲಪ್ಪ ಬಹಳ ನಿಧಾನವಾಗಿ, "ಕರಿಯಪ್ಪ ಅಂದ್ರೆ ಇವ್ನಾ?"

"ಮತ್ತಿನ್ಯಾರು?"

ಸಿದ್ದಮಲ್ಲಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಮೊದಲು ಅವರ ಹೊಟ್ಟೆ ಅಲುಗಾಡಿತು, ಆಮೇಲೆ ಭುಜ, ಆಮೇಲೆ ಬೆಂಚು. ಎರಡು ದಿನದಿಂದ ಹೆಂಡತಿಯ ಮುಂದೆ ತಲೆ ತಗ್ಗಿಸಿದ್ದ ಆರು ಗಂಡಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕೊರಳಲ್ಲಿದ್ದ ಹಾರವನ್ನು ತೆಗೆದು ಸಿದ್ದಮಲ್ಲಪ್ಪ ಕರಿಯಪ್ಪನ ಬುಟ್ಟಿಗೆ ಹಾಕಿದರು. "ನನ್ ಮಾನ ಉಳಿಸ್ದೆ ಕಣಪ್ಪ," ಎಂದರು.

ನಗದೆ ಇದ್ದವರು ಹರಿಪ್ರಸಾದ್ ಒಬ್ಬರೇ. ಅವರು ಪಶು ಆಸ್ಪತ್ರೆಯ ಸುಚೇತಾಳಿಗೆ ಫೋನು ಮಾಡಿ ವಿಷಯ ತಿಳಿಸಿ, ಕುರ್ಚಿಯಲ್ಲಿ ಕುಸಿದು, "ಮತ್ತೆ ಸೊನ್ನೆ," ಎಂದರು. ಆ ಎರಡು ಪದದಲ್ಲಿ ಎಷ್ಟು ದುಃಖವಿತ್ತೆಂದರೆ ನಗು ತಾನಾಗಿ ನಿಂತಿತು.

ಮದನ ಗೌನಿನ ದಾರ ಸುತ್ತಿಕೊಳ್ಳುತ್ತ ಮುಂದೆ ಬಂದ. "ಸರ್, ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಹದಿನೈದು, ಇಪ್ಪತ್ತು ನಿಮಿಷ. ಯಾಕಪ್ಪ?"

"ಎರಡನೇ ಹೆರಿಗೇಲಿ ನಮ್ ಮನೆಯವಳು ಉಳಿದಿದ್ದೇ ಹೆಚ್ಚು. ಇನ್ನೊಂದು ಆಪರೇಷನ್ ನಂಗೆ ಬೇಡ, ನೀನೇ ಮಾಡಿಸ್ಕೋ ಅಂತ ಒಂದು ವರ್ಷದಿಂದ ಹೇಳ್ತಾವ್ಳೆ. ಜನ ಆಡ್ಕೋತಾರೆ ಅಂತ ಮುಂದೂಡ್ತಾ ಇದ್ದೆ." ಅವನು ಗೌನು ಹಾಕಿಕೊಂಡು ನಿಂತಿದ್ದ ತನ್ನ ಬೀದಿಯವರನ್ನೆಲ್ಲ ಒಮ್ಮೆ ನೋಡಿದ. "ಈಗ ಆಡ್ಕೊಳ್ಳೋಕೆ ಯಾರು ಉಳಿದವ್ರೆ?"

ಯಾರೂ ಉಳಿದಿರಲಿಲ್ಲ. ಮದನ ಶಿವಾನಿಗೆ ಫೋನು ಮಾಡಿದ. ಅವಳು ಆ ಕಡೆ ಏನು ಹೇಳಿದಳೋ, ಅವನು "ಹೂಂ, ಹೂಂ, ಗೋಡೆ ವಿಷಯ ಬಂದು ಹೇಳ್ತೀನಿ," ಎಂದು ನಗುತ್ತ ಒಳಗೆ ಹೋದ. ನಂಜೇಶ ರಿಜಿಸ್ಟರಿನಲ್ಲಿ ಸೊನ್ನೆಯ ಕೆಳಗೆ ಒಂದು ಎಂದು ಬರೆದು, ಆ ಒಂದನ್ನು ಪೆನ್ನಿನಿಂದ ಮೂರು ಸಲ ತಿದ್ದಿ ದಪ್ಪ ಮಾಡಿದ. ಹರಿಪ್ರಸಾದ್ ಕೈ ತೊಳೆದುಕೊಳ್ಳಲು ಹೋಗುವಾಗ ಸಣ್ಣಗೆ ಹಾಡು ಗುನುಗುತ್ತಿದ್ದರು.

ಸ್ಕೂಟರಿನಲ್ಲಿ ಬಂದ ಸುಚೇತಾ ಬಾಗಿಲು ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಡಾಕ್ಟರಾದಳು. "ಬಿಸಿಲೇರೋಕೆ ಮುಂಚೆ ಸಾಗಿಸಬೇಕು. ಬುಟ್ಟಿ ಅಲುಗಾಡಿಸಬೇಡಿ, ಜೋರಾಗಿ ಮಾತಾಡಬೇಡಿ." ಟಿ. ನರಸೀಪುರದ ಜನ ಅವತ್ತು ಕಂಡ ಮೆರವಣಿಗೆಯ ಅರ್ಥ ಅವರಿಗೆ ಇವತ್ತಿಗೂ ಆಗಿಲ್ಲ: ಮುಂದೆ ಸ್ಕೂಟರಿನಲ್ಲಿ ಒಬ್ಬ ಡಾಕ್ಟರಮ್ಮ, ಹಿಂದೆ ಕೊರಳಿಗೋ ಬುಟ್ಟಿಗೋ ಹಾರ ಹಾಕಿಕೊಂಡ ಐವರು ಗಂಡಸರು ತುಟಿಪಿಟಕ್ಕೆನ್ನದೆ ಒಂದೊಂದು ಬುಟ್ಟಿಯನ್ನು ಮಗುವಿನಂತೆ ಅಪ್ಪಿಕೊಂಡು, ಕೊನೆಯಲ್ಲಿ ಮದನನ ಪಾಲಿನ ಬುಟ್ಟಿ ಹೊತ್ತ ಚಕ್ರಪಾಣಿ ಮೇಷ್ಟ್ರು. ಸಂಜೆಯೊಳಗೆ ಆರಕ್ಕೂ ಶಸ್ತ್ರಚಿಕಿತ್ಸೆ ಮುಗಿಯಿತು. ಆರು ಎಡಗಿವಿಗಳ ತುದಿಯೂ ನೇರವಾಗಿ ಕತ್ತರಿಸಿತ್ತು. ಕಂಬಳಿಯ ಮೇಲೆ ಸಾಲಾಗಿ ಮಲಗಿದ್ದ ಅವುಗಳ ಪಕ್ಕದಲ್ಲಿ ಭಾಗೀರಥಮ್ಮ ಕದಲದೆ ಕೂತಿದ್ದರು. ಮೇಷ್ಟ್ರು ಹತ್ತಿರ ಹೋದಾಗ ಆಕೆ ತಲೆ ಎತ್ತಿ, "ನಿಮ್ಮ ಅರ್ಜಿಯಿಂದ ಒಂದು ಕೆಲಸ ಆಯಿತು ನೋಡಿ," ಎಂದರು. ಮೂವತ್ತೈದು ವರ್ಷದಲ್ಲಿ ಇದೇ ಮೊದಲು. ಮೇಷ್ಟ್ರು ಶಲ್ಯ ತೆಗೆದು ಕರಿಯಪ್ಪನಿಗೆ ಹೊದಿಸಿದರು.

ಶನಿವಾರ ಬೆಳಿಗ್ಗೆ ಗಿರಣಿಯ ಮುಂದೆ ಬೀದಿಗೆ ಬೀದಿಯೇ ಸೇರಿ ಬುಟ್ಟಿಗಳ ಮುಚ್ಚಳ ಬಿಚ್ಚಿತು. ಸಿದ್ದಮಲ್ಲಪ್ಪ ಅಲ್ಲೇ ನಿಂತು ಟೆಂಪೋದವನಿಗೆ ಫೋನು ಮಾಡಿ, "ಬರ್ಬ್ಯಾಡ ಕಣ್ಲಾ, ಪ್ರೋಗ್ರಾಮು ಕ್ಯಾನ್ಸಲ್ಲು," ಎಂದರು. ಮುಂದಿನ ತಿಂಗಳು ಐದು ಹೆಣ್ಣುಗಳ ಸರದಿ. ಸುಚೇತಾ ಹೇಳಿದಂತೆ ಅವನ್ನು ಗುರುಬಸಮ್ಮನವರ ಹಿಂದಿನ ಕೋಣೆಯಲ್ಲಿ ಗಾಯ ಮಾಯುವವರೆಗೆ ಇರಿಸಿಕೊಂಡರು. ಹಾಸಿಗೆಗೆ ಅವರೇ ಒಂದು ಹಳೆಯ ರೇಷ್ಮೆ ಸೀರೆ ಕೊಟ್ಟರು. ಇದ್ದ ಮರಿಗಳಿಗೆ ಒಂದೊಂದಾಗಿ ಮನೆ ಸಿಕ್ಕಿತು, ಎರಡು ಮರಿಗಳು ಹೆಡತಲೆ ಎಂಬ ಹಳ್ಳಿಯವರೆಗೂ ಹೋದವು. ಆಮೇಲೆ ಆ ಬೀದಿಯಲ್ಲಿ ಹೊಸ ಮರಿ ಹುಟ್ಟಲಿಲ್ಲ, ತಗಡಿನ ಮೇಲೆ ಕುಸ್ತಿಯೂ ನಿಂತಿತು.

ಕರಿಯಪ್ಪ ಮೈ ತುಂಬಿಕೊಂಡ. ಮೊನ್ನೆ ಪುಟ್ಟಬಸಮ್ಮ ಅಂಗಡಿಗೆ ಹೋಗಿ ಐದು ಕೆ.ಜಿ. ಅಕ್ಕಿ ಕೇಳಿದರು. ಸಿದ್ದಮಲ್ಲಪ್ಪ ಮೂಟೆಯ ಕಡೆ ನೋಡಿ, ಬಾಯಿಗೆ ಬೆರಳಿಟ್ಟು, ದನಿ ತಗ್ಗಿಸಿ ಹೇಳಿದರು:

"ಈಗಾಗಕಿಲ್ಲ ಕಣಕ್ಕ. ಅದ್ರ ಮೇಲೆ ಮಲಗವ್ನೆ. ಎದ್ದ ಮೇಲೆ ನಾನೇ ಮನೆಗೆ ತಂದ್ಕೊಡ್ತೀನಿ, ಹೋಗು."